ಕೊಳ್ಳುವವರ ಸಭೆ

ಪೇಟೆಯೆಂಬುದು ಮಾರುವವನೂ ಕೊಳ್ಳುವವನೂ ಸಂಧಿಸುವ ಸ್ಥಳ. ಈ ಇಬ್ಬರಲ್ಲಿ ಮಾರುವವನು ತನ್ನ ವ್ಯಾಪಾರವನ್ನೇ ಬದುಕಾಗಿ ಮಾಡಿಕೊಂಡವನಾದ ಕಾರಣ, ತನ್ನಂತಹ ಇತರರೊಡನೆ ಕಲೆತು, ಸಂಘವನ್ನು ಕಟ್ಟಿ, ಅರಸರ ಮುಂದೆ ನಿಂತು ತನ್ನ ಮಾತನ್ನು ನಡೆಸಿಕೊಳ್ಳುವ ಸಾಮರ್ಥ್ಯವನ್ನು ಬಹು ಪೂರ್ವದಲ್ಲಿಯೇ ಸಂಪಾದಿಸಿದನು. ಕೊಳ್ಳುವವನಾದರೋ ಇಂದು ಅಕ್ಕಿಯನ್ನೂ ನಾಳೆ ಬಟ್ಟೆಯನ್ನೂ ಮತ್ತೊಂದು ದಿನ ಔಷಧವನ್ನೂ ಕೊಳ್ಳುತ್ತ, ಕೊಂಡ ಆ ಕ್ಷಣದಲ್ಲಿ ಮಾತ್ರ ಗ್ರಾಹಕನಾಗಿದ್ದು, ಉಳಿದ ಹೊತ್ತೆಲ್ಲ ರೈತನೋ ಗುಮಾಸ್ತನೋ ಗೃಹಿಣಿಯೋ ಆಗಿ ಚದರಿಹೋಗುವವನು. ನಷ್ಟ ಅವನಿಗೆ ಬಿಡಿಬಿಡಿಯಾಗಿ, ಒಂದು ಹಿಡಿ ಅಕ್ಕಿಯಷ್ಟು, ಒಂದು ಗೇಣು ಬಟ್ಟೆಯಷ್ಟು ಆಗುವುದರಿಂದ, ಅದಕ್ಕಾಗಿ ನೆರೆಹೊರೆಯವರನ್ನು ಕೂಡಿಸಿ ಸಭೆ ಸೇರಿಸುವ ಉತ್ಸಾಹ ಅವನಲ್ಲಿ ಸಹಜವಾಗಿ ಹುಟ್ಟುವುದಿಲ್ಲ. ಆದಕಾರಣ ವರ್ತಕರ ಸಭೆಗಳು ತಾವಾಗಿಯೇ ಹುಟ್ಟಿ ತಾವಾಗಿಯೇ ಮುಂದುವರಿದುವು. ಕೊಳ್ಳುವವರ ಸಭೆಯನ್ನು ರಾಜ್ಯವೇ ಕರೆದು ಕೂಡಿಸಬೇಕಾಯಿತು. ಹಾಗೆ ಕೂಡಿಸಿದ ಸಭೆಯ ಅವಧಿ ತೀರಿದಾಗ ಅದನ್ನು ಮತ್ತೆ ರಚಿಸುವುದು ಕಚೇರಿಯ ಕಡತಕ್ಕೆ ಸೇರಿದ ಸಣ್ಣ ಕೆಲಸವೆಂದು ಮೇಲ್ನೋಟಕ್ಕೆ ತೋರಬಹುದು. ಅದರ ಹಿಂದಿರುವ ಚರಿತ್ರೆಯನ್ನು ಅವಲೋಕಿಸಿದರೆ ಅದು ಎಷ್ಟು ಗುರುತರವಾದ ಕರ್ತವ್ಯವೆಂಬುದು ತಿಳಿದುಬರುತ್ತದೆ.

ಕನ್ನಡ ನಾಡಿನ ಶಾಸನಗಳನ್ನು ಓದಿದವರಿಗೆ ಅಯ್ಯಾವೊಳೆ ಐನೂರ್ವರ ಹೆಸರು ಅಪರಿಚಿತವಲ್ಲ. ಇಂದಿನ ಐಹೊಳೆಯಿಂದ ಹೆಸರು ಪಡೆದ ಆ ಮಹಾಸಂಘವು ವೀರಬಣಂಜು ಧರ್ಮವನ್ನು ಪಾಲಿಸುವೆನೆಂದು ಹೇಳಿಕೊಳ್ಳುತ್ತ ದಕ್ಷಿಣಾಪಥವನ್ನೆಲ್ಲ ವ್ಯಾಪಿಸಿತ್ತು. ಶಿಕಾರಿಪುರ ಸೀಮೆಯ 11ನೆಯ ಶತಮಾನದ ಶಾಸನವೊಂದು ಆ ವರ್ತಕರು ಚೇರ ಚೋಳ ಪಾಂಡ್ಯ ದೇಶಗಳಿಂದ ಹಿಡಿದು ಮಗಧ, ಸೌರಾಷ್ಟ್ರ, ನೇಪಾಳಗಳವರೆಗೆ ಸಂಚರಿಸುತ್ತಿದ್ದುದನ್ನೂ, ಆನೆ ಕುದುರೆಗಳಿಂದ ಮೊದಲ್ಗೊಂಡು ಮುತ್ತು ಮಾಣಿಕ್ಯ, ಏಲಕ್ಕಿ ಲವಂಗ, ಗಂಧ ಕರ್ಪೂರ ಕಸ್ತೂರಿಗಳವರೆಗೆ ನಾನಾ ವಸ್ತುಗಳನ್ನು ಮಾರುತ್ತಿದ್ದುದನ್ನೂ ದೀರ್ಘವಾದ ಪ್ರಶಸ್ತಿಯಲ್ಲಿ ವರ್ಣಿಸುತ್ತದೆ. ಬಳ್ಳಿಗಾವೆಯಂತಹ ಪಟ್ಟಣಗಳಲ್ಲಿ ಪಟ್ಟಣಸ್ವಾಮಿಯೆಂಬ ಗಣ್ಯನಿದ್ದನು. ನಕರ, ನಾನಾದೇಶಿ, ಮುಮ್ಮುರಿದಂಡ ಎಂಬ ಸಮೂಹಗಳಿದ್ದುವು. ಕರಾವಳಿಯ ಬಾರಕೂರು ಬಸರೂರುಗಳಲ್ಲಿ ಹಲರು, ಸೆಟ್ಟಿಕಾರರು, ನಖರ ಹಂಜಮಾನದವರು ಕೇರಿಕೇರಿಯಾಗಿ ಸಂಘಟಿತರಾಗಿ ವಿಜಯನಗರದ ಅಧಿಕಾರಿಗಳೊಡನೆ ಸಮನಾಗಿ ಕುಳಿತು ವ್ಯವಹರಿಸುತ್ತಿದ್ದರು. ಈ ಸಂಘಗಳು ತಮ್ಮ ಸರಕಿನ ಹೇರು ಹೇರಿಗೆ ಇಷ್ಟೆಂದು ಆಯವನ್ನು ಗೊತ್ತುಮಾಡಿ ದೇವಾಲಯಗಳಿಗೆ ದತ್ತಿಬಿಟ್ಟುದನ್ನೂ, ಕೆರೆ ಛತ್ರಗಳಿಗೆ ನೆರವಾದುದನ್ನೂ ಶಿಲೆಗಳು ಹೇಳುತ್ತವೆ. ಅವರ ಔದಾರ್ಯವನ್ನಾಗಲಿ ಸಾಹಸವನ್ನಾಗಲಿ ಕಡಮೆಯಾಗಿ ಎಣಿಸಲಾಗದು. ಆದರೆ ಇಷ್ಟು ಶಾಸನಗಳ ನಡುವೆ ಆ ಏಲಕ್ಕಿಯನ್ನೂ ಅಕ್ಕಿಯನ್ನೂ ಕೊಂಡು ಉಂಡವರು ಒಂದಾಗಿ ಕುಳಿತು ಹೀಗೆಂದರೆಂಬ ಮಾತು ನಮ್ಮ ಕಿವಿಗೆ ಬೀಳುವುದಿಲ್ಲ. ಮಾರುವವರ ವಾಣಿ ಶಿಲೆಯಲ್ಲಿ ನಿಂತಿತು. ಕೊಳ್ಳುವವರ ವಾಣಿ ಸಂತೆಯ ಗದ್ದಲದಲ್ಲಿ ಕರಗಿತು.

ಹಾಗೆಂದು ಪ್ರಾಚೀನರು ಕೊಳ್ಳುವವನನ್ನು ಮರೆತಿದ್ದರೆಂದು ಹೇಳುವುದು ಅನ್ಯಾಯವಾದೀತು. 1905ರಲ್ಲಿ ಮೈಸೂರಿನ ಓರಿಯೆಂಟಲ್ ಗ್ರಂಥಾಲಯಕ್ಕೆ ಬಂದಿದ್ದ ತಾಳೆಯೋಲೆಗಳಲ್ಲಿ ರುದ್ರಪಟ್ಟಣದ ಶಾಮಶಾಸ್ತ್ರಿಗಳು ಗುರುತಿಸಿ, 1909ರಲ್ಲಿ ಮುದ್ರಿಸಿ ಲೋಕಕ್ಕೆ ಒಪ್ಪಿಸಿದ ಕೌಟಿಲ್ಯನ ಅರ್ಥಶಾಸ್ತ್ರದಲ್ಲಿ ಪೇಟೆಯ ಮೇಲ್ವಿಚಾರಣೆಗಾಗಿಯೇ ನೇಮಕವಾದ ಅಧಿಕಾರಿಗಳ ಪರಂಪರೆಯೊಂದು ಕಾಣುತ್ತದೆ. ತೂಕ ಅಳತೆಗಳನ್ನು ನೋಡಿಕೊಳ್ಳುವವನು ಪೌತವಾಧ್ಯಕ್ಷ. ಸರಕಿನ ಬೆಲೆ ಬೇಡಿಕೆಗಳನ್ನು ಅರಿತಿರಬೇಕಾದವನು ಪಣ್ಯಾಧ್ಯಕ್ಷ. ಅಂಗಡಿಬೀದಿಯ ಶಿಸ್ತಿಗೆ ಹೊಣೆಯಾದವನು ಸಂಸ್ಥಾಧ್ಯಕ್ಷ. ತೂಕದ ಕಲ್ಲುಗಳಿಗೆ ನಾಲ್ಕು ತಿಂಗಳಿಗೊಮ್ಮೆ ಮುದ್ರೆಯೊತ್ತಿಸಬೇಕೆಂದೂ, ಸ್ವದೇಶದ ಸರಕಿಗೆ ನಿಶ್ಚಿತ ಬೆಲೆಯ ಮೇಲೆ ನೂರಕ್ಕೆ 5ರಷ್ಟು, ಪರದೇಶದ ಸರಕಿಗೆ ನೂರಕ್ಕೆ 10ರಷ್ಟು ಲಾಭವೇ ಸಲ್ಲುವುದೆಂದೂ ಅಲ್ಲಿ ವಿಧಿಯಿದೆ. ಧಾನ್ಯ, ಎಣ್ಣೆ, ಉಪ್ಪು, ಗಂಧದ್ರವ್ಯ, ಔಷಧಗಳಲ್ಲಿ ಅದೇ ಬಣ್ಣದ ಕೀಳು ವಸ್ತುವನ್ನು ಬೆರೆಸಿದವನಿಗೆ 12 ಪಣ ದಂಡ. ವರ್ತಕರು ಒಟ್ಟುಗೂಡಿ ಸರಕನ್ನು ತಡೆಹಿಡಿದು ಅನುಚಿತ ಬೆಲೆಗೆ ಮಾರಿದರೆ 1,000 ಪಣ ದಂಡ. ಒಬ್ಬನ ಮೋಸಕ್ಕಿಂತ ಅನೇಕರ ಒಳಸಂಚು ಎಷ್ಟು ಮಡಿ ಘಾತುಕವೆಂಬುದನ್ನು ಆ ಶಾಸ್ತ್ರಕಾರನು ಈ ಎರಡು ದಂಡಗಳ ಅಂತರದಿಂದಲೇ ತಿಳಿಸಿದ್ದಾನೆ. ಆದರೂ ಈ ವ್ಯವಸ್ಥೆಯಲ್ಲಿ ಕೊಳ್ಳುವವನು ರಕ್ಷಣೆಗೆ ಪಾತ್ರನಾದ ಪ್ರಜೆಯೇ ಹೊರತು ಸಲಹೆ ಕೇಳಿಸಿಕೊಳ್ಳುವ ಸಭಾಸದನಲ್ಲ. ಅಧ್ಯಕ್ಷನು ದಕ್ಷನಾಗಿದ್ದರೆ ಪೇಟೆ ನೆಟ್ಟಗಿರುವುದು. ಅವನೇ ವರ್ತಕರೊಡನೆ ಕೂಡಿಕೊಂಡರೆ, ಅದನ್ನು ಅರಸನ ಸಭೆಯಲ್ಲಿ ಕುಳಿತು ಹೇಳುವ ಸ್ಥಾನ ಕೊಂಡವನಿಗೆ ಇರಲಿಲ್ಲ.

ಆ ಬಳಿಕದ ಶತಮಾನಗಳಲ್ಲಿ ಸಾಮಾನ್ಯನನ್ನು ಹೆಚ್ಚಾಗಿ ಬಾಧಿಸಿದ್ದು ಅಳತೆಗಳ ಅನೇಕತೆ. ಪಾವು, ಸೇರು, ಬಳ್ಳ, ಕೊಳಗ, ಖಂಡುಗ ಎಂಬ ಹೆಸರುಗಳು ನಾಡಿನುದ್ದಕ್ಕೂ ಒಂದೇ ಆಗಿದ್ದರೂ ಅವುಗಳ ಪ್ರಮಾಣ ಸೀಮೆಯಿಂದ ಸೀಮೆಗೆ, ಕೆಲವೆಡೆ ಸಂತೆಯಿಂದ ಸಂತೆಗೆ ಬೇರೆಯಾಗುತ್ತಿತ್ತು. 20 ಕೊಳಗಕ್ಕೆ ಒಂದು ಖಂಡುಗವೆಂಬ ಲೆಕ್ಕ ಎಲ್ಲರಿಗೂ ಬಾಯಿಪಾಠವಾಗಿತ್ತಾದರೂ, ಆ ಕೊಳಗವೇ ಎಷ್ಟು ದೊಡ್ಡದೆಂಬುದು ಊರವನಿಗೆ ಮಾತ್ರ ಗೊತ್ತು. ಕಚ್ಚಾ ಸೇರು ಪಕ್ಕಾ ಸೇರುಗಳ ಭೇದವರಿಯದ ಪರಸ್ಥಳದವನು ತೆತ್ತ ಬೆಲೆಗೆ ದೊರೆತುದೆಷ್ಟೆಂದು ಹೇಳಲಾರನು. 1860ರ ಭಾರತ ದಂಡಸಂಹಿತೆ ಸುಳ್ಳು ತಕ್ಕಡಿಯನ್ನೂ ಆಹಾರದ ಕಲಬೆರಕೆಯನ್ನೂ ಅಪರಾಧಗಳೆಂದು ಗಣಿಸಿತು. 1937ರಲ್ಲಿ ಕೃಷಿ ಉತ್ಪನ್ನಗಳಿಗೆ ಅಗ್‌ಮಾರ್ಕ್ ಮುದ್ರೆಯ ಶಾಸನ ಬಂದಿತು. ಸ್ವಾತಂತ್ರ್ಯಾನಂತರ 1954ರಲ್ಲಿ ಕಲಬೆರಕೆ ತಡೆಯುವ ಪ್ರತ್ಯೇಕ ಕಾಯಿದೆಯೂ, 1956ರಲ್ಲಿ ತೂಕ ಅಳತೆಗಳ ಪ್ರಮಾಣಗಳನ್ನು ನಿಶ್ಚಯಿಸುವ ಕಾಯಿದೆಯೂ ಆದುವು. 1962ರ ಹೊತ್ತಿಗೆ ಕಿಲೋಗ್ರಾಮಿನ ಬಟ್ಟು ಸೇರಿನ ಸ್ಥಾನದಲ್ಲಿ ಬಂದು ಕುಳಿತಿತು. ಕಾಯಿದೆಗಳು ಒಂದರ ಹಿಂದೊಂದು ಬಂದರೂ ಅವುಗಳನ್ನು ನಡೆಸುವವರು ಇನ್‌ಸ್ಪೆಕ್ಟರರು. ದೂರು, ತನಿಖೆ, ದಂಡ ಎಲ್ಲವೂ ಇಲಾಖೆಗೂ ಅಂಗಡಿಗೂ ನಡುವೆ ನಡೆಯತಕ್ಕವು. ದಂಡದ ಹಣ ಸರಕಾರದ ಬೊಕ್ಕಸಕ್ಕೆ ಹೋಗುತ್ತಿತ್ತು. ಮೋಸಹೋದವನು ಬರಿಗೈಯಲ್ಲಿ ಮನೆಗೆ ಹೋಗುತ್ತಿದ್ದನು.

ಹೀಗೆ ಮೋಸಹೋದವರಿಗೂ ಮಾತಾಡಲು ಒಂದು ಸಭೆ ಬೇಕೆಂದರೆ, ಅಧಿಕಾರವಿಲ್ಲದ, ಸಲಹೆಯನ್ನು ಮಾತ್ರ ಕೊಡಬಲ್ಲ ಸಭೆಯೊಂದರಿಂದ ಏನು ಪ್ರಯೋಜನವೆಂದು ಕೇಳುವವರು ಎಲ್ಲ ಕಾಲದಲ್ಲಿಯೂ ಇರುತ್ತಾರೆ. ಈ ಪ್ರಶ್ನೆಗೆ ನಮ್ಮ ಮೈಸೂರೇ ಒಂದು ಉತ್ತರವನ್ನು ಕೊಟ್ಟಿದೆ. 1881ರ ಅಕ್ಟೋಬರ್ 7ರಂದು ದಿವಾನ್ ರಂಗಾಚಾರ್ಲು ಅವರ ಕಾಲದಲ್ಲಿ 144 ಮಂದಿ ಸದಸ್ಯರೊಡನೆ ಮೊದಲು ನೆರೆದ ಪ್ರಜಾಪ್ರತಿನಿಧಿ ಸಭೆಗೆ ಶಾಸನ ಮಾಡುವ ಅಧಿಕಾರವಿರಲಿಲ್ಲ. ಸರಕಾರದ ವರದಿಯನ್ನು ಕೇಳುವುದು, ತಮ್ಮ ತಾಲ್ಲೂಕಿನ ಕುಂದುಕೊರತೆಗಳನ್ನು ಬಿನ್ನವಿಸಿಕೊಳ್ಳುವುದು, ಇಷ್ಟೇ ಅದರ ವ್ಯಾಪ್ತಿ. ಆದರೆ ಆ ಸಭೆ ವರ್ಷವರ್ಷವೂ ದಸರೆಯ ಕಾಲದಲ್ಲಿ ತಪ್ಪದೆ ನೆರೆಯಿತು. ಮುಂದಿನ ದಸರೆಗೆ ಇದೇ ಪ್ರತಿನಿಧಿ ಬಂದು ಇದೇ ಕೆರೆಯ, ಇದೇ ರಸ್ತೆಯ ಮಾತನ್ನು ಮತ್ತೆ ಎತ್ತುವನೆಂಬ ಅರಿವು ಅಧಿಕಾರಿಗಳಲ್ಲಿ ಬೇರೂರಿದ ಮೇಲೆ, ಕೇವಲ ಬಿನ್ನಹವಾಗಿದ್ದುದು ಕ್ರಮೇಣ ಉತ್ತರ ಕೊಡಲೇಬೇಕಾದ ಪ್ರಶ್ನೆಯಾಯಿತು. ಮೊದಲು ನಾಮನಿರ್ದೇಶನದಿಂದ ಬರುತ್ತಿದ್ದ ಸದಸ್ಯರು ಹತ್ತು ವರ್ಷಗಳ ಮೇಲೆ ಚುನಾವಣೆಯಿಂದ ಬರತೊಡಗಿದರು. 1949ರವರೆಗೆ ಆ ಸಂಸ್ಥೆ ಬಾಳಿತು. ಸಲಹಾ ಸಭೆಯ ಬಲ ಅದಕ್ಕೆ ಕೊಟ್ಟ ಅಧಿಕಾರಕ್ಕಿಂತ ಅದು ನೆರೆಯುವ ನಿಯಮದಲ್ಲಿ ಅಡಗಿದೆಯೆಂಬ ಸತ್ಯವನ್ನು ಇದಕ್ಕಿಂತ ಸ್ಪಷ್ಟವಾಗಿ ತೋರಿಸುವ ನಿದರ್ಶನ ದುರ್ಲಭ.

ಗ್ರಾಹಕರ ಮಾತನ್ನು ಆಡಳಿತದ ಕಿವಿಗೆ ಮುಟ್ಟಿಸುವ ಸಭೆಯ ಕಲ್ಪನೆ ಆಧುನಿಕ ರೂಪದಲ್ಲಿ ಮೊಳೆತದ್ದು ಪಶ್ಚಿಮ ದೇಶಗಳಲ್ಲಿ. 1962ರ ಮಾರ್ಚ್ 15ರಂದು ಅಮೆರಿಕದ ಅಧ್ಯಕ್ಷ ಕೆನೆಡಿ ಅಲ್ಲಿನ ಕಾಂಗ್ರೆಸ್ಸಿಗೆ ಕಳುಹಿಸಿದ ಸಂದೇಶದಲ್ಲಿ ಸುರಕ್ಷತೆ, ಮಾಹಿತಿ, ಆಯ್ಕೆ, ಅಹವಾಲು ಕೇಳಿಸಿಕೊಳ್ಳಲ್ಪಡುವಿಕೆ ಎಂಬ ನಾಲ್ಕು ಹಕ್ಕುಗಳನ್ನು ಎಣಿಸಿದನು. ಆ ವರ್ಷವೇ ಗ್ರಾಹಕರ ಸಲಹಾ ಮಂಡಲಿಯೊಂದು ಅಲ್ಲಿ ರಚಿತವಾಯಿತು. ಇಂಗ್ಲೆಂಡಿನಲ್ಲಿ ಮೊಲೊನಿ ಸಮಿತಿಯ ವರದಿಯ ಫಲವಾಗಿ 1963ರಲ್ಲಿ ಗ್ರಾಹಕ ಮಂಡಲಿ ಹುಟ್ಟಿತು. ಹಾರ್ವುಡ್‌ನ ಎಲಿಯಟ್ ಎಂಬ ವನಿತೆ ಅದರ ಮೊದಲ ಅಧ್ಯಕ್ಷೆ. ಏಳೇ ವರ್ಷಗಳಲ್ಲಿ, 1970ರಲ್ಲಿ, ಹೀತ್ ಸರಕಾರ ವೆಚ್ಚ ತಗ್ಗಿಸುವ ಸಂಕಲ್ಪದಿಂದ ಅದನ್ನು ಮುಚ್ಚುವ ನಿರ್ಧಾರ ಮಾಡಿತು. ಆದರೆ ಮಂಡಲಿಯಿಲ್ಲವೆಂದ ಮಾತ್ರಕ್ಕೆ ಗ್ರಾಹಕರ ಸಂಕಟಗಳು ಇಲ್ಲವಾಗಲಿಲ್ಲ. ಬೆಲೆಗಳು ಏರುತ್ತಿದ್ದ ಆ ದಶಕದ ನಡುವೆ, 1975ರಲ್ಲಿ, ರಾಷ್ಟ್ರೀಯ ಗ್ರಾಹಕ ಮಂಡಲಿಯೆಂಬ ಹೊಸ ಹೆಸರಿನಿಂದ ಅದೇ ಕೆಲಸಕ್ಕೆ ಮತ್ತೊಂದು ಸಂಸ್ಥೆಯನ್ನು ಕಟ್ಟಬೇಕಾಯಿತು. ವಸ್ತುಗಳ ಗುಣಪರೀಕ್ಷೆಯ ಫಲಿತಾಂಶಗಳನ್ನು ಪ್ರಕಟಿಸುವ ಗ್ರಾಹಕ ಸಂಘವನ್ನು 1957ರಲ್ಲಿ ಸ್ಥಾಪಿಸಿದ್ದ ಮೈಕೇಲ್ ಯಂಗ್ ಅದರ ಮೊದಲ ಅಧ್ಯಕ್ಷನಾದನು. ಒಂದನ್ನು ಕೆಡವಿ ಐದು ವರ್ಷ ಕಳೆದು ಇನ್ನೊಂದನ್ನು ಕಟ್ಟುವಾಗ, ನಡುವಣ ವರ್ಷಗಳಲ್ಲಿ ಚದರಿಹೋದ ಅನುಭವವನ್ನೂ ಪರಿಚಯಗಳನ್ನೂ ಯಾವ ಆಜ್ಞೆಯೂ ಮರಳಿ ತರಲಾರದು.

ನಮ್ಮ ದೇಶದಲ್ಲಿ ಈ ಕಾರ್ಯ ಮೊದಲಾದುದು ಸರಕಾರದಿಂದಲ್ಲ, ಸಾಮಾನ್ಯರಿಂದ. ಅದರಲ್ಲಿಯೂ ಮನೆಯ ಖರ್ಚನ್ನು ತೂಗಿಸಿಕೊಂಡು ಹೋಗುವ ಹೆಂಗಸರಿಂದ. 1966ರಲ್ಲಿ ಮುಂಬಯಿಯಲ್ಲಿ ಒಂಬತ್ತು ಮಂದಿ ಮಹಿಳೆಯರು ಸೇರಿ ಭಾರತ ಗ್ರಾಹಕ ಮಾರ್ಗದರ್ಶನ ಸಂಘವನ್ನು ಸ್ಥಾಪಿಸಿದರು. ಮುಂದಿನ ದಶಕದಲ್ಲಿ ಮಹಾರಾಷ್ಟ್ರದಲ್ಲಿ ಬಿಂದುಮಾಧವ ಜೋಶಿಯವರ ಗ್ರಾಹಕ ಪಂಚಾಯತಿನ ಚಳುವಳಿಯೂ, 1978ರಲ್ಲಿ ಅಹಮದಾಬಾದಿನಲ್ಲಿ ಮನುಭಾಯಿ ಶಾ ಅವರ ಗ್ರಾಹಕ ಶಿಕ್ಷಣ ಮತ್ತು ಸಂಶೋಧನ ಕೇಂದ್ರವೂ ಹುಟ್ಟಿದುವು. ಈ ಮನುಭಾಯಿಯವರು ಜೀವ ವಿಮಾ ನಿಗಮವು ವಿಮೆದಾರರಿಂದ ಹೆಚ್ಚು ಕಂತು ಪಡೆಯುತ್ತಿದೆಯೆಂದು ಅಧ್ಯಯನ ಮಾಡಿ ಬರೆದರು. ನಿಗಮದ ಅಧಿಕಾರಿಯೊಬ್ಬರು ಅದಕ್ಕೆ ಬರೆದ ಉತ್ತರವನ್ನು ನಿಗಮದ ‘ಯೋಗಕ್ಷೇಮ’ ಪತ್ರಿಕೆ ಅಚ್ಚುಮಾಡಿತು. ಮನುಭಾಯಿಯವರ ಪ್ರತ್ಯುತ್ತರವನ್ನು ಮಾತ್ರ ಅಚ್ಚುಮಾಡಲು ಒಪ್ಪಲಿಲ್ಲ. ವ್ಯಾಜ್ಯ ಸರ್ವೋಚ್ಚ ನ್ಯಾಯಾಲಯದವರೆಗೆ ಹೋಗಿ, 1992ರಲ್ಲಿ ಆ ಪ್ರತ್ಯುತ್ತರವನ್ನು ಪ್ರಕಟಿಸತಕ್ಕದ್ದೆಂಬ ತೀರ್ಪು ಹೊರಟಿತು. ಸಾರ್ವಜನಿಕ ಧನದಿಂದ ನಡೆಯುವ ಸಂಸ್ಥೆ ತನ್ನ ಮಾತನ್ನು ಹೇಳಿ ಗ್ರಾಹಕನ ಮಾತಿಗೆ ಬಾಗಿಲು ಮುಚ್ಚಲಾಗದೆಂಬುದು ಆ ತೀರ್ಪಿನ ಸಾರ. ನಮ್ಮಲ್ಲಿ, ಹಿಂದೆ ಸೆಟ್ಟಿಕಾರರು ಸಭೆ ಸೇರುತ್ತಿದ್ದ, ಅಕ್ಕಿಯ ರಫ್ತಿಗೆ ಪೋರ್ಚುಗೀಸರ ಕಾಲದಲ್ಲಿ ಹೆಸರಾಗಿದ್ದ ಅದೇ ಬಸರೂರಿನಲ್ಲಿ 1980ರ ಸುಮಾರಿಗೆ ಡಾ. ರವೀಂದ್ರನಾಥ ಶಾನುಭಾಗರ ನೇತೃತ್ವದಲ್ಲಿ ಬಳಕೆದಾರರ ವೇದಿಕೆ ಆರಂಭವಾಯಿತು. ಶತಮಾನಗಳವರೆಗೆ ಮಾರುವವರ ಸಂಘಗಳನ್ನು ಮಾತ್ರ ಕಂಡಿದ್ದ ಆ ಊರು ಕೊಳ್ಳುವವರ ಸಂಘವನ್ನೂ ಹೆತ್ತಿತೆಂಬುದು ಕರ್ಣಾಟಕದ ವಾಣಿಜ್ಯ ಚರಿತ್ರೆಯಲ್ಲಿ ಸ್ಮರಣೀಯವಾದ ಸಂಗತಿ.

1985ರ ಏಪ್ರಿಲಿನಲ್ಲಿ ವಿಶ್ವಸಂಸ್ಥೆಯ ಮಹಾಸಭೆ ಗ್ರಾಹಕ ಸಂರಕ್ಷಣೆಯ ಮಾರ್ಗದರ್ಶಕ ಸೂತ್ರಗಳನ್ನು ಅಂಗೀಕರಿಸಿತು. ಮರುವರ್ಷ ಭಾರತದ ಸಂಸತ್ತು ಗ್ರಾಹಕ ಸಂರಕ್ಷಣ ಕಾಯಿದೆಯನ್ನು ಮಾಡಿ, 1986ರ ಡಿಸೆಂಬರ್ 24ರಂದು ಅದಕ್ಕೆ ರಾಷ್ಟ್ರಪತಿಗಳ ಅಂಕಿತ ದೊರೆಯಿತು. ಆ ಕಾಯಿದೆ ಜಿಲ್ಲೆ, ರಾಜ್ಯ, ರಾಷ್ಟ್ರಗಳೆಂಬ ಮೂರು ಮೆಟ್ಟಿಲುಗಳ ಗ್ರಾಹಕ ನ್ಯಾಯಾಲಯಗಳನ್ನು ನಿರ್ಮಿಸಿದುದರಿಂದ ಜನರ ಮನಸ್ಸಿನಲ್ಲಿ ನ್ಯಾಯಾಲಯಗಳ ಕಾಯಿದೆಯಾಗಿಯೇ ಉಳಿದಿದೆ. ಆದರೆ ಅದರ ರಚನಾಕ್ರಮದಲ್ಲಿ ಗಮನಾರ್ಹವಾದ ಅಂಶವೊಂದಿದೆ. ಅದರ ಎರಡನೆಯ ಅಧ್ಯಾಯ ಸಂರಕ್ಷಣ ಮಂಡಲಿಗಳದು; ನ್ಯಾಯಾಲಯಗಳದು ಮೂರನೆಯದು. ಮಂಡಲಿಗಳ ಅಧ್ಯಾಯ 1987ರ ಏಪ್ರಿಲ್ 15ರಂದು ಜಾರಿಗೆ ಬಂದರೆ ನ್ಯಾಯಾಲಯಗಳ ಅಧ್ಯಾಯ ಜುಲೈ 1ರವರೆಗೆ ಕಾಯಬೇಕಾಯಿತು. ಸುರಕ್ಷತೆ, ಮಾಹಿತಿ, ಆಯ್ಕೆ, ಅಹವಾಲು, ಪರಿಹಾರ, ಶಿಕ್ಷಣ ಎಂಬ ಆರು ಹಕ್ಕುಗಳನ್ನು ಎಣಿಸಿದ ವಿಧಿಯೂ ಮಂಡಲಿಯ ಉದ್ದೇಶಗಳನ್ನು ಹೇಳುವ ವಿಧಿಯೇ. ಎಂದರೆ, ಗ್ರಾಹಕನ ಹಕ್ಕುಗಳ ಪಟ್ಟಿಯನ್ನು ನಮ್ಮ ಶಾಸನಕರ್ತರು ಒಪ್ಪಿಸಿದ್ದು ನ್ಯಾಯಾಧೀಶರ ಕೈಗಲ್ಲ, ಸಭೆಯೊಂದರ ಕೈಗೆ.

1987ರ ನಿಯಮಗಳ ಪ್ರಕಾರ ಕೇಂದ್ರ ಮಂಡಲಿಗೆ 150 ಮಂದಿ ಸದಸ್ಯರು, ಮೂರು ವರ್ಷಗಳ ಅವಧಿ, ಸಂಬಂಧಪಟ್ಟ ಕೇಂದ್ರ ಸಚಿವರ ಅಧ್ಯಕ್ಷತೆ. ಪ್ರತಿ ವರ್ಷವೂ ಸಭೆ ನೆರೆಯಬೇಕೆಂಬುದು ಕಾಯಿದೆಯ ಕಟ್ಟಳೆ. ಗ್ರಾಹಕ ಸಂಸ್ಥೆಗಳ ಪ್ರತಿನಿಧಿಗಳು 35ಕ್ಕೆ ಕಡಮೆಯಾಗದಂತೆಯೂ, ಮಹಿಳಾ ಪ್ರತಿನಿಧಿಗಳು 10ಕ್ಕೆ ಕಡಮೆಯಾಗದಂತೆಯೂ, ಕೃಷಿ ವ್ಯಾಪಾರ ಕೈಗಾರಿಕೆಗಳವರು 20ನ್ನು ಮೀರದಂತೆಯೂ ಕಟ್ಟುಮಾಡಲಾಯಿತು. ಕೊಳ್ಳುವವರ ಸಂಖ್ಯೆಗೆ ಕೆಳಗಣ ಮಿತಿ, ಮಾರುವವರ ಸಂಖ್ಯೆಗೆ ಮೇಲಣ ಮಿತಿ: ಈ ಸರಳವಾದ ಏರ್ಪಾಡಿನಲ್ಲಿ ಸಾವಿರ ವರ್ಷಗಳ ಅಸಮತೆಯನ್ನು ಸರಿಪಡಿಸುವ ವಿವೇಕವಿತ್ತು. ಐನೂರ್ವರ ಕಾಲದಿಂದ ಅರಸನ ಆಸ್ಥಾನದಲ್ಲಿ ವರ್ತಕನಿಗಿದ್ದ ಪೀಠಕ್ಕೆ ಎದುರಾಗಿ ಕೊಳ್ಳುವವನಿಗೂ ಒಂದು ಪೀಠ ಇಂತು ಸಿದ್ಧವಾಯಿತು.

ಪೀಠ ಸಿದ್ಧವಾದ ಮಾತ್ರಕ್ಕೆ ಅದರಲ್ಲಿ ಜನ ಕುಳಿತಂತಾಗಲಿಲ್ಲ. ಜಿಲ್ಲಾ ನ್ಯಾಯಾಲಯಗಳನ್ನು ಸ್ಥಾಪಿಸುವುದರಲ್ಲಿಯೇ ರಾಜ್ಯ ಸರಕಾರಗಳು ತಡಮಾಡಿದುದರಿಂದ ‘ಕಾಮನ್ ಕಾಸ್’ ಎಂಬ ಸಂಸ್ಥೆ ಸರ್ವೋಚ್ಚ ನ್ಯಾಯಾಲಯದ ಮೊರೆಹೊಗಬೇಕಾಯಿತು. ನ್ಯಾಯಾಲಯಗಳೇನೋ ಕ್ರಮೇಣ ಸ್ಥಾಪಿತವಾಗಿ, ನ್ಯಾಯಮೂರ್ತಿ ಬಾಲಕೃಷ್ಣ ಈರಾಡಿಯವರ ಅಧ್ಯಕ್ಷತೆಯ ರಾಷ್ಟ್ರೀಯ ಆಯೋಗದಿಂದ ತೊಡಗಿ ಜನರ ವಿಶ್ವಾಸವನ್ನು ಗಳಿಸಿದುವು. 1993ರಲ್ಲಿ ಲಖನೌ ಅಭಿವೃದ್ಧಿ ಪ್ರಾಧಿಕಾರದ ಮೊಕದ್ದಮೆಯ ತೀರ್ಪಿನಿಂದ ಮನೆ ಕಟ್ಟಿಕೊಡುವ ಸರಕಾರಿ ಸಂಸ್ಥೆಗಳೂ, 1995ರಲ್ಲಿ ಶಾಂತಾ ಅವರ ಮೊಕದ್ದಮೆಯ ತೀರ್ಪಿನಿಂದ ವೈದ್ಯಸೇವೆಯೂ ಕಾಯಿದೆಯ ಕಕ್ಷೆಗೆ ಬಂದುವು. ಮಂಡಲಿಗಳ ವಿಷಯದಲ್ಲಿಯಾದರೋ ಮೂಲ ಕಾಯಿದೆ ಅವುಗಳನ್ನು ಸ್ಥಾಪಿಸಬಹುದೆಂದು ಮಾತ್ರ ಹೇಳಿತ್ತು. 2002ರ ತಿದ್ದುಪಡಿ ಅದನ್ನು ಸ್ಥಾಪಿಸತಕ್ಕದ್ದೆಂದು ಬಿಗಿಗೊಳಿಸಿ, ಜಿಲ್ಲೆಗೊಂದು ಮಂಡಲಿಯನ್ನೂ ಕೂಡಿಸಿ, ಜಿಲ್ಲಾಧಿಕಾರಿಯನ್ನು ಅದರ ಅಧ್ಯಕ್ಷನನ್ನಾಗಿ ಮಾಡಿತು. 2019ರ ಹೊಸ ಕಾಯಿದೆ 2020ರ ಜುಲೈ 20ರಂದು ಜಾರಿಗೆ ಬಂದಾಗ ಮೂರು ಹಂತಗಳ ಮಂಡಲಿಗಳನ್ನೂ ಉಳಿಸಿಕೊಂಡು, ಅವು ಸಲಹಾ ಮಂಡಲಿಗಳೆಂದು ಸ್ಪಷ್ಟವಾಗಿ ಸಾರಿತು. ತಪ್ಪು ಜಾಹೀರಾತುಗಳನ್ನು ತಡೆಯುವ, ಅಪಾಯಕರ ಸರಕನ್ನು ಪೇಟೆಯಿಂದ ಹಿಂತೆಗೆಸುವ ಅಧಿಕಾರವನ್ನು ಪ್ರತ್ಯೇಕವಾದ ಕೇಂದ್ರೀಯ ಪ್ರಾಧಿಕಾರಕ್ಕೆ ಕೊಟ್ಟಿತು. ಕೇಂದ್ರ ಮಂಡಲಿಯ ಸದಸ್ಯರ ಸಂಖ್ಯೆ ಈಗ 36. ಅವಧಿ ಮೊದಲಿನಂತೆಯೇ ಮೂರು ವರ್ಷ. ರಾಜ್ಯ ಮಂಡಲಿ ವರ್ಷಕ್ಕೆ ಎರಡು ಸಲವಾದರೂ ಸೇರಬೇಕು.

ಈ ಮೂರು ವರ್ಷಗಳ ಅವಧಿಯಲ್ಲಿ ಗುಣವೂ ಅಪಾಯವೂ ಜೊತೆಗೂಡಿವೆ. ಹೊಸ ಹೊಸ ಅನುಭವದವರು ಬರುತ್ತಿರಬೇಕು, ಒಬ್ಬರೇ ಪೀಠವನ್ನು ಹಿಡಿದು ಕುಳಿತಿರಬಾರದು ಎಂಬುದು ಗುಣ. ಅವಧಿ ತಾನಾಗಿ ತೀರುತ್ತದೆ, ಪುನಾರಚನೆ ತಾನಾಗಿ ಆಗುವುದಿಲ್ಲ ಎಂಬುದು ಅಪಾಯ. ನ್ಯಾಯಾಲಯದಲ್ಲಿ ನ್ಯಾಯಾಧೀಶರ ಸ್ಥಾನ ತೆರವಾದರೆ ಬಾಕಿಯಾದ ಮೊಕದ್ದಮೆಗಳು ಬೆಳೆದು ಆ ತೆರವನ್ನು ಕೂಗಿ ಹೇಳುತ್ತವೆ. ಸಲಹಾ ಮಂಡಲಿ ಇಲ್ಲವಾದರೆ ಯಾವ ಕಡತವೂ ನಿಲ್ಲುವುದಿಲ್ಲ, ಯಾವ ಕಕ್ಷಿಗಾರನೂ ಬಾಗಿಲಲ್ಲಿ ಕಾಯುವುದಿಲ್ಲ. ಔಷಧದ ಬೆಲೆ, ಮಿಂಚಿನ ವೇಗದಲ್ಲಿ ಬೆಳೆಯುತ್ತಿರುವ ಆನ್‌ಲೈನ್ ವ್ಯಾಪಾರ, ಪೊಟ್ಟಣದ ಮೇಲಿನ ವಿವರ, ಬ್ಯಾಂಕು ವಿಮೆಗಳ ಕರಾರುಗಳ ಸಣ್ಣಕ್ಷರ, ಇವುಗಳ ವಿಚಾರವಾಗಿ ನಿಯಮಗಳು ಆಗುತ್ತಲೇ ಇರುತ್ತವೆ. ವರ್ತಕ ಸಂಸ್ಥೆಗಳು ತಮ್ಮ ಅಭಿಪ್ರಾಯವನ್ನು ತಪ್ಪದೆ ತಿಳಿಸುತ್ತಲೇ ಇರುತ್ತವೆ. ಎದುರಿನ ಪೀಠ ಮಾತ್ರ ಬರಿದಾಗಿರುತ್ತದೆ. ಆ ಶೂನ್ಯತೆ ಯಾರ ಕಣ್ಣಿಗೂ ಬೀಳದೆ ಹೋಗುವುದೇ ಅದರ ಕೇಡು.

ಆದಕಾರಣ ಪುನಾರಚನೆಯೆಂಬುದು ಅವಧಿ ತೀರಿದ ಮೇಲೆ ನೆನಪಾಗುವ ಕೆಲಸವಾಗದೆ, ತೀರುವ ಮೊದಲೇ ಪ್ರಾರಂಭವಾಗುವ ಕೆಲಸವಾಗಬೇಕು. ಹಳೆಯ ಮಂಡಲಿ ಏನನ್ನು ಸಲಹೆ ಮಾಡಿತು, ಅದರಲ್ಲಿ ಎಷ್ಟನ್ನು ಸರಕಾರ ಅಂಗೀಕರಿಸಿತು, ಎಷ್ಟನ್ನು ಯಾವ ಕಾರಣದಿಂದ ಬಿಟ್ಟಿತು ಎಂಬ ವರದಿ ಹೊಸ ಮಂಡಲಿಯ ಕೈಗೆ ಮೊದಲ ದಿನವೇ ಬರಬೇಕು. ಇಲ್ಲವಾದರೆ ಪ್ರತಿಯೊಂದು ಮಂಡಲಿಯೂ ಮೊದಲಿನಿಂದ ಅಕ್ಷರ ಕಲಿಯತೊಡಗಿ, ಓದು ಬರುವ ವೇಳೆಗೆ ಅದರ ಕಾಲ ಮುಗಿದಿರುತ್ತದೆ. ಸದಸ್ಯರ ಆಯ್ಕೆ ಪ್ರಭಾವಶಾಲಿಗಳಿಗೆ ಸಲ್ಲುವ ಗೌರವವಾಗದೆ, ದೂರುಗಳನ್ನು ಹೊತ್ತು ಕಚೇರಿ ಕಚೇರಿ ಅಲೆದವರಿಗೆ, ಪಡಿತರದ ಸಾಲಿನಲ್ಲಿ ನಿಂತು ಬಲ್ಲವರಿಗೆ, ಹಳ್ಳಿಯ ಸಂತೆಯನ್ನೂ ಪಟ್ಟಣದ ಮಳಿಗೆಯನ್ನೂ ಸಮನಾಗಿ ಅರಿತವರಿಗೆ ದೊರೆಯುವ ಹೊಣೆಯಾಗಬೇಕು. ಎಲ್ಲಕ್ಕಿಂತ ಮಿಗಿಲಾಗಿ ಜಿಲ್ಲಾ ಮಂಡಲಿಗಳು ಜೀವಂತವಾಗಿರಬೇಕು. ಏಕೆಂದರೆ ತೂಕದಲ್ಲಿ ಮೋಸ ನಡೆಯುವುದು ರಾಜಧಾನಿಯ ಸಭಾಭವನದಲ್ಲಲ್ಲ, ತಾಲ್ಲೂಕಿನ ಪೇಟೆಯಲ್ಲಿ.

ಅಯ್ಯಾವೊಳೆಯ ಸಂಘವನ್ನು ಯಾವ ಅರಸನೂ ಮೂರು ವರ್ಷಕ್ಕೊಮ್ಮೆ ಪುನಾರಚಿಸಬೇಕಾಗಿರಲಿಲ್ಲ. ಲಾಭವೇ ಅದನ್ನು ಕಟ್ಟಿ ನಿಲ್ಲಿಸಿತ್ತು. ಕೊಳ್ಳುವವರ ಸಭೆಗೆ ಲಾಭದ ಬಂಧನವಿಲ್ಲ. ನ್ಯಾಯದ ಅಪೇಕ್ಷೆಯೊಂದೇ ಅದರ ಬಂಧನ. ಲಾಭದಿಂದ ಕೂಡಿದವರು ಕರೆಯದಿದ್ದರೂ ಬರುತ್ತಾರೆ. ನ್ಯಾಯಕ್ಕಾಗಿ ಕೂಡಬೇಕಾದವರನ್ನು ಕರೆಯುವ ಹೊಣೆ ರಾಜ್ಯದ್ದು. ಆ ಹೊಣೆಯನ್ನು ಕಾಲಕ್ಕೆ ಸರಿಯಾಗಿ, ಒಂದು ವರ್ಷವನ್ನೂ ಬಿಡದೆ ನೆರವೇರಿಸುವ ಸರಕಾರವೇ ಗ್ರಾಹಕನ ಹಕ್ಕುಗಳನ್ನು ನಿಜವಾಗಿ ಮನ್ನಿಸಿತೆಂದು ಹೇಳಬಹುದು. ಕೇಳುವ ಸಭೆಯಿಲ್ಲದ ಕಡೆ, ಕೇಳಿಸಿಕೊಳ್ಳಲ್ಪಡುವ ಹಕ್ಕು ಕಾಗದದ ಮೇಲೆ ಎಷ್ಟು ಅಂದವಾಗಿ ಬರೆದಿದ್ದರೂ ಯಾರಿಗೂ ದಕ್ಕಿದ ಹಕ್ಕಾಗಲಾರದು.